ಲಾರಿಯ ಸೈಲೆನ್ಸರ್ ಆಯ್ಕೆ: ಸದ್ದು, ಕ್ಯಾಬಿನ್ನಿನ ಗದ್ದಲ ಮತ್ತು ಎಳೆತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಕಾಫಿ, ಆಲೂಗೆಡ್ಡೆ, ಸಿಲ್ವರ್ ಓಕ್ ದಿಮ್ಮಿ, ಜಲ್ಲಿ ಸಾಗಿಸುವ ಲಾರಿಗಳ ಮಾಲೀಕರೂ ಚಾಲಕರೂ ಸೈಲೆನ್ಸರ್ ಬದಲಿಸುವ ಮುನ್ನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಹೊರಗೆ ಕೇಳುವ ಸದ್ದು, ಒಳಗೆ ಕುಳಿತವರಿಗೆ ತಟ್ಟುವ ಗದ್ದಲ ಮತ್ತು ಏರಿನಲ್ಲಿ ಗಾಡಿಯ ಎಳೆತ ಇವು ಮೂರೂ ಬೇರೆ ಬೇರೆ ವಿಷಯಗಳು. ಒಂದು ದೂರಿಗೆ ಮಾಡಿದ ಉಪಾಯ ಇನ್ನೊಂದನ್ನು ಕೆಡಿಸುವುದೇ ಹೆಚ್ಚು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಉತ್ತರಗಳನ್ನು ಓದಬೇಕಾಗಿ ಕೋರುತ್ತೇನೆ.

ಸೈಲೆನ್ಸರ್ ಬದಲಿಸಿದರೆ ಗಾಡಿಯ ಪಿಕಪ್ ಹೆಚ್ಚುತ್ತದೆಯೇ?

ಹಳೆಯ ಸೈಲೆನ್ಸರ್ ಒಳಗೆ ಮುರಿದು ಅಥವಾ ಮಸಿ ಕಟ್ಟಿ ಹೊಗೆಯ ದಾರಿಯನ್ನು ಮುಚ್ಚಿದ್ದರೆ ಖಂಡಿತ ಹೆಚ್ಚುತ್ತದೆ. ಅದು ಸರಿಯಾಗಿಯೇ ಇದ್ದರೆ ಹೆಚ್ಚುವುದು ಬಹಳ ಸ್ವಲ್ಪ, ಲೋಡು ಹೊತ್ತ ಚಾಲಕನಿಗೆ ಗೊತ್ತಾಗುವಷ್ಟೂ ಇರುವುದಿಲ್ಲ. ಇಂದಿನ ಲಾರಿಗಳೆಲ್ಲ ಬಹುತೇಕ ಟರ್ಬೊ (ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ) ಇರುವ ಡೀಸೆಲ್ ಇಂಜಿನ್ನಿನವು. ಇಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂಬುದನ್ನು ಪಂಪು ಅಥವಾ ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ನಿರ್ಧರಿಸುತ್ತದೆಯೇ ಹೊರತು ಹೊರಗೆ ಹೋಗುವ ಕೊಳವೆಯಲ್ಲ. ಕಾರ್ಖಾನೆಯವರು ಕೊಟ್ಟ ಸೈಲೆನ್ಸರ್ ಆ ಇಂಜಿನ್ನಿನ ಪೂರ್ತಿ ಹೊಗೆಯನ್ನು ಬಿಡಲು ಸಾಕಾಗುವಷ್ಟು ದೊಡ್ಡದಾಗಿಯೇ ಇರುತ್ತದೆ. ‘ಇದನ್ನು ಹಾಕಿಸಿ, ಗಾಡಿ ಹಾರುತ್ತದೆ’ ಎಂದು ಹೇಳಿ ಮಾರುವವರು ಎಳೆತವನ್ನಲ್ಲ, ಸದ್ದನ್ನು ಮಾರುತ್ತಿರುತ್ತಾರೆ. ಸದ್ದು ಜೋರಾದ ಗಾಡಿ ಬಲವಾಗಿ ಎಳೆಯುತ್ತಿದೆ ಎಂದು ಮನಸ್ಸು ನಂಬಿಬಿಡುತ್ತದೆ.

ನಮ್ಮ ಊರುಗಳಿಗೆ ಸಂಬಂಧಿಸಿದ ಇನ್ನೊಂದು ಕಾರಣವೂ ಇದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,000 ಮೀಟರ್ ಎತ್ತರದಲ್ಲಿವೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇಕಡ 9ರಿಂದ 10ರಷ್ಟು ಕಡಿಮೆ. ಟರ್ಬೊ ಇದರ ಬಹುಪಾಲನ್ನು ತುಂಬಿಕೊಡುತ್ತದೆ, ಆದರೆ ಟರ್ಬೊ ಇಲ್ಲದ ಹಳೆಯ ಗಾಡಿಗಳಲ್ಲಿ ವ್ಯತ್ಯಾಸ ನೇರವಾಗಿ ಕಾಣಿಸುತ್ತದೆ. ಮಂಗಳೂರಿನ ಬಂದರಿನ ಬಳಿ ಚೆನ್ನಾಗಿ ಎಳೆದ ಹಳೆಯ ಲಾರಿ ಸಕಲೇಶಪುರ ದಾಟಿದ ಮೇಲೆ ಮಂಕಾಯಿತೆಂದು ಸೈಲೆನ್ಸರ್ ಬಿಚ್ಚಿಸುವುದು ವ್ಯರ್ಥ. ಏರ್ ಫಿಲ್ಟರ್, ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪುಗಳು, ಡೀಸೆಲ್ ಫಿಲ್ಟರ್ ಇವುಗಳನ್ನು ಮೊದಲು ನೋಡಿಸಿ. ಎಳೆತ ಕಳೆದುಹೋಗುವುದು ಸಾಮಾನ್ಯವಾಗಿ ಅಲ್ಲೇ.

ಹಳೆಯ ಸೈಲೆನ್ಸರ್ ಒಳಗೆ ಕಟ್ಟಿಕೊಂಡಿದೆಯೆಂದು ತಿಳಿಯುವುದು ಹೇಗೆ?

ಖಾಲಿ ಗಾಡಿ ಸರಾಗವಾಗಿ ಓಡುತ್ತದೆ, ಲೋಡು ಹಾಕಿ ಏರು ಹತ್ತುವಾಗ ಮಾತ್ರ ಉಸಿರುಗಟ್ಟಿದಂತೆ ಆಗುತ್ತದೆ, ಕಪ್ಪು ಹೊಗೆ ಬರುತ್ತದೆ, ಇಂಜಿನ್ ಬೇಗ ಬಿಸಿಯಾಗುತ್ತದೆ: ಇವು ಮೂರೂ ಒಟ್ಟಿಗೆ ಕಂಡರೆ ಸಂಶಯ ಪಡಬಹುದು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮರದ ಸುತ್ತಿಗೆಯಿಂದ ಸೈಲೆನ್ಸರ್ ಡಬ್ಬವನ್ನು ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಸರಿಯಿರುವ ಡಬ್ಬ ಒಂದೇ ಬಗೆಯ ದಪ್ಪ ಸದ್ದು ಕೊಡುತ್ತದೆ. ಒಳಗಿನ ತಡೆತಗಡು ಬೆಸುಗೆ ಬಿಟ್ಟಿದ್ದರೆ ಒಂದು ಜಾಗದಲ್ಲಿ ಗಲಗಲ ಎನ್ನುತ್ತದೆ, ತುಕ್ಕಿನ ಹುಡಿ ಕೊಳವೆಯ ತುದಿಯಿಂದ ಉದುರುತ್ತದೆ. ಬಿಟ್ಟ ತಗಡು ಹೊಗೆಯ ಒತ್ತಡಕ್ಕೆ ಸರಿದು ಒಳದಾರಿಗೆ ಅಡ್ಡ ನಿಲ್ಲುತ್ತದೆ. ಅದು ಕೆಲವೊಮ್ಮೆ ಅಡ್ಡ ನಿಂತು ಕೆಲವೊಮ್ಮೆ ಹಿಂದೆ ಬೀಳುವುದರಿಂದ, ಬೆಳಿಗ್ಗೆ ಸರಿಯಿದ್ದ ಗಾಡಿ ಮಧ್ಯಾಹ್ನ ಕೈಕೊಡುವಂಥ ವಿಚಿತ್ರ ದೂರುಗಳು ಹುಟ್ಟುತ್ತವೆ.

ಖಚಿತವಾದ ದಾರಿಯೆಂದರೆ ಟರ್ಬೊ ಆದ ತಕ್ಷಣದ ಕೊಳವೆಯಲ್ಲಿ ಒತ್ತಡದ ಗೇಜು ಕೂರಿಸಿ, ಲೋಡು ಹಾಕಿ, ಏರಿನಲ್ಲಿ ಓಡಿಸಿ ನೋಡುವುದು. ನಿಂತಲ್ಲಿ ಆಕ್ಸಿಲರೇಟರ್ ಒತ್ತಿದಾಗ ಬರುವ ಅಂಕಿಯನ್ನು ನೆಚ್ಚಬಾರದು, ಏಕೆಂದರೆ ಲೋಡು ಇಲ್ಲದ ಇಂಜಿನ್ ಪೂರ್ತಿ ಹೊಗೆಯನ್ನು ಹೊರಹಾಕುವುದೇ ಇಲ್ಲ. ಮಿತಿ ಎಷ್ಟೆಂಬುದು ಆಯಾ ಇಂಜಿನ್ನಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ.

‘ಸ್ವಲ್ಪ ಬ್ಯಾಕ್ ಪ್ರೆಶರ್ ಇರಲೇಬೇಕು, ಇಲ್ಲದಿದ್ದರೆ ಟಾರ್ಕ್ ಬೀಳುತ್ತದೆ’ ಎನ್ನುತ್ತಾರೆ. ನಿಜವೇ?

ಬ್ಯಾಕ್ ಪ್ರೆಶರ್ ಎಂದರೆ ಹೊರಹೋಗುವ ಹೊಗೆಗೆ ಎದುರಾಗುವ ತಡೆಯ ಒತ್ತಡ, ಟಾರ್ಕ್ ಎಂದರೆ ಇಂಜಿನ್ನಿನ ತಿರುಗಿಸುವ ಬಲ. ಟರ್ಬೊ ಡೀಸೆಲ್ ಮಟ್ಟಿಗೆ ಈ ಮಾತು ನಿಜವಲ್ಲ. ಟರ್ಬೊದ ಚಕ್ರ ತಿರುಗುವುದೇ ಅದರ ಹಿಂದಿನ ಮತ್ತು ಮುಂದಿನ ಒತ್ತಡಗಳ ವ್ಯತ್ಯಾಸದಿಂದ. ಮುಂದೆ ತಡೆ ಕಡಿಮೆಯಿದ್ದಷ್ಟೂ ಅದಕ್ಕೆ ಒಳ್ಳೆಯದು. ಈ ಮಾತು ಹುಟ್ಟಿದ್ದು ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ನುಗಳಿಂದ. ಅಲ್ಲಿ ಅತಿ ದಪ್ಪ ಕೊಳವೆ ಹಾಕಿದರೆ ಹೊಗೆಯ ವೇಗ ಕುಗ್ಗಿ ಕಡಿಮೆ ಆರ್‌ಪಿಎಮ್‌ನಲ್ಲಿ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಿಲಿಂಡರ್ ಸರಿಯಾಗಿ ಖಾಲಿಯಾಗುವುದಿಲ್ಲ. ಅಲ್ಲಿಯೂ ಬೇಕಾಗಿರುವುದು ವೇಗವೇ ಹೊರತು ತಡೆಯಲ್ಲ.

ಅಂಗಡಿಯಲ್ಲಿ ಸಿಗುವ ಸೈಲೆನ್ಸರ್‌ಗಳಲ್ಲಿ ಎಷ್ಟು ಬಗೆ?

ಒಳರಚನೆಯನ್ನು ನೋಡಿದರೆ ಮುಖ್ಯವಾಗಿ ಎರಡು. ಮೊದಲನೆಯದರಲ್ಲಿ ಡಬ್ಬವನ್ನು ತಗಡುಗಳಿಂದ ಕೋಣೆಗಳಾಗಿ ಭಾಗ ಮಾಡಿರುತ್ತಾರೆ. ಹೊಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹಿಂದೆಮುಂದೆ ತಿರುಗಿ ಹೋಗುವಾಗ ಸದ್ದಿನ ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕುಗ್ಗುತ್ತವೆ. ದಪ್ಪ ಗುಡುಗಿನಂಥ ಕೆಳಸ್ವರವನ್ನು ಇದು ಚೆನ್ನಾಗಿ ತಗ್ಗಿಸುತ್ತದೆ. ಎರಡನೆಯದರಲ್ಲಿ ತೂತು ಕೊರೆದ ನೇರ ಕೊಳವೆಯೊಂದು ಡಬ್ಬದ ನಡುವೆ ಹಾದುಹೋಗುತ್ತದೆ, ಸುತ್ತ ಗಾಜಿನ ನಾರು ಅಥವಾ ಬಸಾಲ್ಟ್ ನಾರು ತುಂಬಿರುತ್ತಾರೆ. ಇದರಲ್ಲಿ ಹೊಗೆಗೆ ತಡೆ ಕಡಿಮೆ. ಚೀರುವ ಮೇಲ್ಸ್ವರ ಇಂಗುತ್ತದೆ, ಆದರೆ ಕೆಳಸ್ವರ ಹಾಗೆಯೇ ಹೊರಬರುತ್ತದೆ. ಡೀಸೆಲ್ ಮಸಿ ತುಂಬಿ ನಾರು ಗಟ್ಟಿಯಾದ ಮೇಲೆ ಅದರ ಕೆಲಸ ಮುಗಿಯಿತು.

ಸಾಮಾನು ಸಾಗಿಸುವ ಲಾರಿಗೆ ಕೋಣೆಗಳಿರುವ ಸೈಲೆನ್ಸರೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಬಗೆಯಲ್ಲಿ ಸ್ಥಳ ಇರುವಷ್ಟು ದೊಡ್ಡ ಡಬ್ಬವನ್ನು ಆರಿಸಿಕೊಂಡರೆ ಸದ್ದೂ ಕಡಿಮೆ, ತಡೆಯೂ ಕಡಿಮೆ. ಸದ್ದನ್ನೂ ತಡೆಯನ್ನೂ ಒಟ್ಟಿಗೆ ಇಳಿಸುವ ನೇರವಾದ ಉಪಾಯ ಡಬ್ಬದ ಗಾತ್ರ. ಎರಡೂ ಬದಿಯ ಕೊಳವೆಯ ವ್ಯಾಸ ಮೂಲದ್ದಕ್ಕಿಂತ ಚಿಕ್ಕದಾಗದಂತೆ ಮಾತ್ರ ನೋಡಿಕೊಳ್ಳಬೇಕು.

ಹೊಸ ಸೈಲೆನ್ಸರ್ ಹಾಕಿಸಿದ ಮೇಲೆ ಹೊರಗೆ ಸದ್ದು ಕಡಿಮೆಯಾಗಿದೆ, ಆದರೆ ಕ್ಯಾಬಿನ್ನಿನಲ್ಲಿ ಒಂದೇ ಸ್ಪೀಡಿನಲ್ಲಿ ‘ಗುಂಯ್’ ಎನ್ನುತ್ತದೆ. ಏಕೆ?

ಹಣ ಖರ್ಚು ಮಾಡಿದವರಿಗೆ ಅತಿ ಹೆಚ್ಚು ಬೇಸರ ತರಿಸುವ ದೂರು ಇದು. ಮೊದಲು ಆ ಸ್ವರ ಎಲ್ಲಿಂದ ಬರುತ್ತದೆಂದು ಲೆಕ್ಕ ಹಾಕೋಣ. ಆರು ಸಿಲಿಂಡರ್‌ನ ಫೋರ್ ಸ್ಟ್ರೋಕ್ ಇಂಜಿನ್ ಪ್ರತಿ ಸುತ್ತಿಗೆ ಮೂರು ಸಲ ಉರಿಯುತ್ತದೆ. 1,500 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ 25 ಸುತ್ತು, ಅಂದರೆ 75 ಬಡಿತ. ನಾಲ್ಕು ಸಿಲಿಂಡರ್ ಇಂಜಿನ್ 2,000 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ ಸುಮಾರು 67 ಬಡಿತ ಕೊಡುತ್ತದೆ. ಲಾರಿಯ ಕ್ಯಾಬಿನ್ ಒಂದು ಮುಚ್ಚಿದ ತಗಡಿನ ಪೆಟ್ಟಿಗೆ; ಅದರ ಗಾಳಿಗೂ ಹಿಂಬದಿಯ ತಗಡಿಗೂ ತಮ್ಮದೇ ಆದ ಕಂಪನದ ಸಂಖ್ಯೆಗಳಿರುತ್ತವೆ. ಸೈಲೆನ್ಸರ್‌ನಿಂದ ಉಳಿದು ಬಂದ ಬಡಿತ ಆ ಸಂಖ್ಯೆಗೆ ಹೊಂದಿದ ಕೂಡಲೇ ತಗಡು ತಾನೇ ಮೊಳಗತೊಡಗುತ್ತದೆ. ಸ್ಪೀಡು ಸ್ವಲ್ಪ ಏರಿಸಿದರೂ ಇಳಿಸಿದರೂ ಸದ್ದು ಮಾಯವಾದರೆ ಇದೇ ಕಾರಣವೆಂದು ತಿಳಿಯಿರಿ.

ಆದರೆ ಕಂಪನ ಗಾಳಿಯಲ್ಲೇ ಬರಬೇಕೆಂದಿಲ್ಲ. ಡಬ್ಬವನ್ನು ಚಾಸಿಸ್‌ಗೆ ಕಟ್ಟುವ ಕಡೆ ಮೂಲದಲ್ಲಿ ರಬ್ಬರ್ ಬುಶ್ ಇದ್ದು, ಹೊಸದನ್ನು ಕೂರಿಸುವಾಗ ಅಳತೆ ಸರಿಹೋಗಲಿಲ್ಲವೆಂದು ರಬ್ಬರ್ ತೆಗೆದು ಪಟ್ಟಿಯನ್ನು ನೇರವಾಗಿ ಬೆಸೆದಿದ್ದರೆ, ಇಂಜಿನ್ನಿನ ಪ್ರತಿ ಬಡಿತವೂ ಕಬ್ಬಿಣದ ಮೂಲಕವೇ ಕ್ಯಾಬಿನ್ನಿಗೆ ಹತ್ತುತ್ತದೆ. ಇಂಜಿನ್ ಕಡೆಯ ಬೆಲ್ಲೋಸ್ (ಅಲುಗಾಟವನ್ನು ತಾಳಿಕೊಳ್ಳುವ, ಬಾಗುವ ಸುಕ್ಕುಗಟ್ಟಿದ ಕೊಳವೆ) ತೆಗೆದು ನೇರ ಪೈಪು ಹಾಕಿದ್ದರೂ ಇದೇ ಫಲ. ಆದ್ದರಿಂದ ಮೊದಲು ಗಾಡಿಯ ಅಡಿಗೆ ಹೋಗಿ ರಬ್ಬರ್ ಬುಶ್, ಬೆಲ್ಲೋಸ್ ಇವೆರಡೂ ಇವೆಯೇ, ಪೈಪು ಎಲ್ಲಾದರೂ ಚಾಸಿಸ್‌ಗೆ ತಾಗುತ್ತಿದೆಯೇ ಎಂದು ಕೈಬೆರಳು ತೂರಿಸಿ ನೋಡಬೇಕು. ತಾಗಿದ ಜಾಗದಲ್ಲಿ ಪೇಂಟು ಉಜ್ಜಿ ಹೊಳೆಯುವ ಒಂದು ಸಣ್ಣ ಗುರುತು ಕಂಡೇ ಕಾಣುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಗುಂಯ್‌ಗುಡುವುದು ನಿಲ್ಲದಿದ್ದರೆ, ಮುಖ್ಯ ಕೊಳವೆಗೆ ಒಂದು ಕೊನೆ ಮುಚ್ಚಿದ ಅಡ್ಡಕೊಳವೆಯನ್ನು ಸೇರಿಸುವ ಉಪಾಯವಿದೆ. ಅದರ ಉದ್ದ ಆ ಸ್ವರದ ಅಲೆಯುದ್ದದ ಕಾಲು ಭಾಗವಾಗಿರಬೇಕು. ಸುಮಾರು 300 ಡಿಗ್ರಿ ಬಿಸಿಯ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 480 ಮೀಟರ್ ಆಸುಪಾಸು. 75 ಬಡಿತದ ಸ್ವರಕ್ಕೆ ಅಲೆಯುದ್ದ 6.4 ಮೀಟರ್, ಅದರ ಕಾಲು ಭಾಗ 1.6 ಮೀಟರ್. ಲಾರಿಯ ಅಡಿಯಲ್ಲಿ ಅಷ್ಟುದ್ದದ ಪೈಪಿಗೆ ಜಾಗ ಹುಡುಕುವುದು ಕಷ್ಟ, ಹಾಗಾಗಿ ಕೈಗೆಟಕುವ ಪರಿಹಾರ ಕೋಣೆಗಳಿರುವ ದೊಡ್ಡ ಡಬ್ಬಕ್ಕೆ ಹಿಂದಿರುಗುವುದೇ.

ಕ್ಯಾಬಿನ್ನಿನ ಗದ್ದಲಕ್ಕೆ ಸೈಲೆನ್ಸರೇ ಕಾರಣವೆಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಇಳಿಜಾರಲ್ಲದ, ವಾಹನವಿರಳವಾದ ನೇರ ರಸ್ತೆಯಲ್ಲಿ ಸದ್ದು ಬರುವ ಸ್ಪೀಡಿಗೆ ತಂದು, ಒಂದು ಕ್ಷಣ ಕ್ಲಚ್ ಒತ್ತಿ ಇಂಜಿನ್ ಐಡ್ಲಿಂಗ್‌ಗೆ ಇಳಿಯಲು ಬಿಡಿ. ಇಂಜಿನ್ನನ್ನು ಆಫ್ ಮಾಡಬಾರದು. ಸದ್ದು ಹಾಗೆಯೇ ಉಳಿದರೆ ಅದು ಟೈರು, ಜಾಯಿಂಟ್ ಶಾಫ್ಟ್ ಅಥವಾ ಗಾಳಿಯದು. ಸದ್ದು ತಗ್ಗಿದರೆ ಇಂಜಿನ್ ಕಡೆಯದು. ಅಲ್ಲಿಯೂ ಸೈಲೆನ್ಸರ್‌ಗಿಂತ ಮೊದಲು ನೋಡಬೇಕಾದವು ಬೇರೆ: ಇಂಜಿನ್ ಕವರ್‌ನ ಕೆಳಗಿನ ಶಾಖನಿರೋಧಕ ಹಾಸು ಹರಿದಿರುವುದು, ಗೇರ್ ಲಿವರ್ ಬುಡದ ರಬ್ಬರ್ ಬಿರಿದಿರುವುದು, ಇಂಜಿನ್ ಮೌಂಟಿಂಗ್ ಕುಸಿದಿರುವುದು, ಬಾಗಿಲಿನ ಬೀಡಿಂಗ್ ಕಿತ್ತಿರುವುದು. ಅಂಗೈಯಷ್ಟು ತೂತಿನಿಂದ ಒಳಬರುವ ಸದ್ದನ್ನು ಎಷ್ಟು ಒಳ್ಳೆಯ ಸೈಲೆನ್ಸರೂ ತಡೆಯಲಾರದು. ಈ ರಬ್ಬರ್ ಸಾಮಾನುಗಳಿಗೆ ತಗಲುವ ಖರ್ಚು ಹೊಸ ಸೈಲೆನ್ಸರ್‌ನ ಬೆಲೆಯ ಮುಂದೆ ಏನೂ ಅಲ್ಲ.

ಇಂಜಿನ್ನಿಗೂ ಹೊಗೆ ಕೊಳವೆಗೂ ನಡುವಿನ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಬೆಳಿಗ್ಗೆ ತಣ್ಣಗಿರುವಾಗ ‘ಟಿಕ್ ಟಿಕ್’ ಎಂದು ಕೇಳಿ, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ನಿಂತುಹೋಗುತ್ತದೆ; ಜಾಯಿಂಟಿನ ಬಳಿ ಕಪ್ಪು ಮಸಿಯ ಗೆರೆ ಕಾಣುತ್ತದೆ. ಇದನ್ನು ಮುಂದೂಡಬಾರದು. ಅಲ್ಲಿ ಸೋರುವ ಹೊಗೆ ಕ್ಯಾಬಿನ್ನಿನೊಳಗೆ ಸೇರುತ್ತದೆ, ಚಳಿಗಾಲದ ರಾತ್ರಿ ಗಾಜು ಏರಿಸಿಕೊಂಡು ಇಂಜಿನ್ ಚಾಲೂ ಇಟ್ಟು ಮಲಗುವ ಅಭ್ಯಾಸವಿದ್ದವರಿಗೆ ಅದು ಪ್ರಾಣಾಪಾಯ.

ಸದ್ದನ್ನು ಮೊಬೈಲಿನಲ್ಲಿ ಅಳೆಯಬಹುದೇ?

ನಿಜವಾದ ಅಂಕಿಗಾಗಿ ಅಲ್ಲ, ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸ ನೋಡಲು ಅಳೆಯಬಹುದು. ಅದೇ ಮೊಬೈಲು, ಅದೇ ರಸ್ತೆ, ಅದೇ ಗೇರು, ಅದೇ ಆರ್‌ಪಿಎಮ್, ಗಾಜು ಏರಿಸಿ, ಚಾಲಕನ ಕಿವಿಯ ಎತ್ತರದಲ್ಲಿ ಹಿಡಿಯಬೇಕು. ಡೆಸಿಬಲ್ ಲೆಕ್ಕ ಸಾಮಾನ್ಯ ಕೂಡುಲೆಕ್ಕದಂತಲ್ಲ: 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ದುಪ್ಪಟ್ಟು, 10 ಏರಿದರೆ ಕಿವಿಗೆ ದುಪ್ಪಟ್ಟು ಜೋರಾಗಿ ಕೇಳುತ್ತದೆ. ದಿನಕ್ಕೆ 8 ಗಂಟೆ 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ಕುಳಿತರೆ ಶ್ರವಣಶಕ್ತಿ ಕುಂದುತ್ತದೆ.

ಒಂದು ಎಚ್ಚರಿಕೆ ಇದೆ. ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವ ‘ಎ’ ಮಾಪನ ಕೆಳಸ್ವರವನ್ನು ಲೆಕ್ಕದಿಂದ ಬಹುಪಾಲು ಬಿಟ್ಟುಬಿಡುತ್ತದೆ. 63ರಿಂದ 80 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಬಡಿತ) ಸುತ್ತಮುತ್ತ ಅದು 22ರಿಂದ 26 ಡೆಸಿಬಲ್ ಕಳೆಯುತ್ತದೆ. ತಲೆನೋವು ತರಿಸುವ ಗುಂಯ್ ಸದ್ದು ಇರುವುದೇ ಅಲ್ಲಿ. ಆದ್ದರಿಂದ ಆ್ಯಪ್‌ನಲ್ಲಿ ‘ಸಿ’ ಮಾಪನ ಇದ್ದರೆ ಅದನ್ನು ಆರಿಸಿಕೊಳ್ಳಿ. ಅಂಕಿ ಕಡಿಮೆಯಿದ್ದರೂ ಚಾಲಕ ತಲೆ ಸಿಡಿಯುತ್ತದೆ ಎಂದರೆ ಚಾಲಕನ ಮಾತನ್ನೇ ನಂಬಬೇಕು.

ಶಿರಾಡಿ ಘಾಟಿ ಇಳಿಯುವಾಗ ಎಕ್ಸಾಸ್ಟ್ ಬ್ರೇಕ್‌ಗೂ ಸೈಲೆನ್ಸರ್‌ಗೂ ಸಂಬಂಧವಿದೆಯೇ?

ಇದೆ. ಎಕ್ಸಾಸ್ಟ್ ಬ್ರೇಕ್ ಎಂದರೆ ಟರ್ಬೊದ ನಂತರ, ಸೈಲೆನ್ಸರ್‌ಗೆ ಮೊದಲು ಕೊಳವೆಯಲ್ಲಿ ಕೂರಿಸಿರುವ ಒಂದು ಚಿಟ್ಟೆ ವಾಲ್ವ್. ಅದು ಮುಚ್ಚಿಕೊಂಡಾಗ ಹೊಗೆಯ ದಾರಿ ಕಟ್ಟಿ ಪಿಸ್ಟನ್ನುಗಳು ಒತ್ತಡದ ವಿರುದ್ಧ ದುಡಿಯಬೇಕಾಗುತ್ತದೆ, ಗಾಡಿ ನಿಧಾನವಾಗುತ್ತದೆ. ಹೀಗಾಗಿ ಇಂಜಿನ್ನಿನಿಂದ ವಾಲ್ವ್‌ವರೆಗಿನ ಯಾವ ಜಾಯಿಂಟ್ ಸೋರಿದರೂ ಬ್ರೇಕಿನ ಹಿಡಿತ ಅಷ್ಟರ ಮಟ್ಟಿಗೆ ಕಡಿಮೆ. ಮಾರನಹಳ್ಳಿಯಿಂದ ಗುಂಡ್ಯದವರೆಗೆ ಲೋಡು ಹೊತ್ತು ಇಳಿಯುವ ಗಾಡಿಗೆ ಇದು ಸದ್ದಿನ ಪ್ರಶ್ನೆಯಲ್ಲ, ಬ್ರೇಕ್ ಡ್ರಮ್ಮುಗಳು ಕಾಯದಂತೆ ಉಳಿಸಿಕೊಳ್ಳುವ ಪ್ರಶ್ನೆ. ಸೈಲೆನ್ಸರ್ ಬದಲಿಸುವ ಕೆಲಸಗಾರರು ಪೈಪು ಕತ್ತರಿಸಿ ಜೋಡಿಸುವಾಗ ಈ ವಾಲ್ವ್‌ನ ಏರ್ ಸಿಲಿಂಡರ್, ಲಿಂಕ್, ಗಾಳಿಯ ನೈಲಾನ್ ಪೈಪು ಕದಲಿವೆಯೇ ಎಂದು ನೋಡಿ, ಗ್ಯಾರೇಜಿನಿಂದ ಹೊರಡುವ ಮುನ್ನವೇ ಬ್ರೇಕನ್ನು ಒತ್ತಿ ಪರೀಕ್ಷಿಸಬೇಕು.

ವಾಲ್ವ್‌ನ ನಂತರದ ಸೈಲೆನ್ಸರ್ ಬ್ರೇಕಿನ ಶಕ್ತಿಯನ್ನು ಹೆಚ್ಚಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಡಬ್ಬ ತೆಗೆದು ನೇರ ಪೈಪು ಹಾಕಿದರೆ ಬ್ರೇಕ್ ಒತ್ತಿದಾಗಲೆಲ್ಲ ಕರ್ಕಶವಾಗಿ ಬೊಗಳಿದಂತೆ ಕೇಳುತ್ತದೆ, ಅಷ್ಟೆ.

ನನ್ನದು ಬಿಎಸ್ 6 ಲಾರಿ. ಸೈಲೆನ್ಸರ್ ಬದಲಿಸಬಹುದೇ?

ಬೇಡ. 2020ರ ಏಪ್ರಿಲ್ 1ರಿಂದ ಮಾರಾಟವಾದ ಬಿಎಸ್ 6 (ಹೊಗೆ ಮಾಲಿನ್ಯದ ಮಾನದಂಡ) ಡೀಸೆಲ್ ಲಾರಿಗಳಲ್ಲಿ ಸೈಲೆನ್ಸರ್ ಎಂಬ ಪ್ರತ್ಯೇಕ ಡಬ್ಬವೇ ಹೆಚ್ಚಾಗಿ ಇರುವುದಿಲ್ಲ. ಆಕ್ಸಿಡೇಶನ್ ಕ್ಯಾಟಲಿಸ್ಟ್, ಮಸಿ ಹಿಡಿಯುವ ಡಿಪಿಎಫ್, ಯೂರಿಯಾ ಸಿಂಪಡಿಸಿ ನೈಟ್ರೋಜನ್ ಆಕ್ಸೈಡುಗಳನ್ನು ಕಳೆಯುವ ಎಸ್‌ಸಿಆರ್ ಇವುಗಳನ್ನು ಅಡಕವಾಗಿ ಜೋಡಿಸಿರುತ್ತಾರೆ, ಸದ್ದು ತಗ್ಗಿಸುವ ಕೆಲಸವೂ ಅಲ್ಲಿಯೇ ಆಗುತ್ತದೆ. ಶಾಖದ, ಒತ್ತಡದ, ನೈಟ್ರೋಜನ್ ಆಕ್ಸೈಡಿನ ಸೆನ್ಸರುಗಳು ಇಸಿಯುಗೆ ಸದಾ ಸುದ್ದಿ ಕಳುಹಿಸುತ್ತಿರುತ್ತವೆ. ಒಂದನ್ನು ಕಿತ್ತರೂ ಎಚ್ಚರಿಕೆ ದೀಪ ಹತ್ತಿ, ಕೊನೆಗೆ ಇಸಿಯು ಇಂಜಿನ್ನಿನ ಶಕ್ತಿಯನ್ನೇ ತಗ್ಗಿಸುತ್ತದೆ. ಎಳೆತಕ್ಕಾಗಿ ಕೈಹಾಕಿ ಇದ್ದ ಎಳೆತವನ್ನೂ ಕಳೆದುಕೊಂಡಂತಾಗುತ್ತದೆ. ಸುಳ್ಳು ಸುದ್ದಿ ಕೊಡುವ ಪೆಟ್ಟಿಗೆ ಕೂರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ, ಅದು ಕಾನೂನುಬಾಹಿರ.

ಇಂಥ ಗಾಡಿಯಲ್ಲಿ ಪಿಕಪ್ ಕಡಿಮೆಯಾದರೆ ಡಿಪಿಎಫ್ ಮಸಿ ತುಂಬಿರಬಹುದು. ತೋಟದಿಂದ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ, ಅಲ್ಲಿಂದ ತೋಟಕ್ಕೆ ಬರೀ ಸಣ್ಣ ಓಡಾಟವೇ ಆದರೆ ಮಸಿ ತಾನಾಗಿ ಸುಟ್ಟುಹೋಗುವಷ್ಟು ಹೊಗೆ ಕಾಯುವುದಿಲ್ಲ. ಆಗಾಗ ಹೆದ್ದಾರಿಯಲ್ಲಿ ಲೋಡಿನೊಂದಿಗೆ ಎಡೆಬಿಡದೆ ಓಡಿಸುವುದು, ದೀಪ ಹತ್ತಿದಾಗ ಪುಸ್ತಕದಲ್ಲಿ ಹೇಳಿದಂತೆ ನಿಲ್ಲಿಸಿ ಸುಡಿಸುವುದು ಇದಕ್ಕೆ ದಾರಿ.

ತೋಟದೊಳಗೆ ಹೋಗುವ ಗಾಡಿಗೆ ಬೇರೆ ಎಚ್ಚರಿಕೆ ಬೇಕೇ?

ಬೇಕು. ಡಿಪಿಎಫ್ ಮಸಿ ಸುಡುವಾಗ ಒಳಗಿನ ಶಾಖ 550ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಸಿಲ್ವರ್ ಓಕ್ ತರಗೆಲೆ ಮೊಣಕಾಲುದ್ದ ಬಿದ್ದಿರುವ ತೋಟದ ದಾರಿಯಲ್ಲಿ ಅಂಥ ಗಾಡಿಯನ್ನು ನಿಲ್ಲಿಸಿ ಮಸಿ ಸುಡಿಸಬಾರದು. ಗುಡಿಸಿದ ಕಣದಲ್ಲೋ ಜಲ್ಲಿ ಹಾಕಿದ ಜಾಗದಲ್ಲೋ ನಿಲ್ಲಿಸಬೇಕು. ಹಳೆಯ ಗಾಡಿಯಲ್ಲಿಯೂ ಡಬ್ಬಕ್ಕೂ ಚಾಸಿಸ್‌ಗೂ ನಡುವೆ ಸಿಕ್ಕಿಕೊಂಡ ತರಗೆಲೆ, ಗೋಣಿಯ ನಾರು ಇವನ್ನು ತೆಗೆಯುವುದನ್ನು ಮರೆಯಬಾರದು.

ಮಲೆನಾಡಿನ ಮಳೆಗೆ ಯಾವ ಲೋಹ ಒಳ್ಳೆಯದು?

ಸೈಲೆನ್ಸರ್ ಹೊರಗಿನ ಮಳೆಗಿಂತ ಒಳಗಿನ ನೀರಿನಿಂದ ಬೇಗ ಹಾಳಾಗುತ್ತದೆ. ಒಂದು ಲೀಟರ್ ಡೀಸೆಲ್ ಉರಿದಾಗ ಒಂದು ಲೀಟರಿಗಿಂತ ತುಸು ಹೆಚ್ಚೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಡಬ್ಬ ಕಾಯುವ ಮೊದಲೇ ಗಾಡಿ ನಿಲ್ಲಿಸಿದರೆ ಆ ಆವಿ ಒಳಗೇ ತಣಿದು ನೀರಾಗಿ, ಮಸಿಯೊಂದಿಗೆ ಸೇರಿ ಹುಳಿಯಾಗಿ ಲೋಹವನ್ನು ತಿನ್ನುತ್ತದೆ. ಸಾದಾ ಕಬ್ಬಿಣದ ತಗಡಿಗಿಂತ ಅಲ್ಯೂಮಿನಿಯಂ ಲೇಪನದ ತಗಡು ಮೇಲು, ಅದಕ್ಕಿಂತ 409 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಮೇಲು. 304 ದರ್ಜೆ ಇನ್ನೂ ಬಾಳಿಕೆಯದಾದರೂ ಲಾರಿಯ ಮಟ್ಟಿಗೆ ದುಬಾರಿ. ಡಬ್ಬದ ತಳದಲ್ಲಿ ಒಂದು ಸಣ್ಣ ತೂತಿದ್ದರೆ ಅದು ನೀರು ಇಳಿದುಹೋಗಲು ಬಿಟ್ಟದ್ದು. ‘ಸೋರುತ್ತಿದೆ’ ಎಂದು ಅದಕ್ಕೆ ಬೆಸುಗೆ ಹಾಕಿಸಿದರೆ ಡಬ್ಬದ ಆಯುಸ್ಸು ಅಲ್ಲಿಗೇ ಅರ್ಧವಾಯಿತೆಂದು ತಿಳಿಯಬೇಕು.

ಜೋರು ಸದ್ದಿನ ಸೈಲೆನ್ಸರ್‌ಗೆ ಕಾನೂನಿನಲ್ಲಿ ಏನಿದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ ಸದ್ದನ್ನು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಶಬ್ದ ಮತ್ತು ವಾಯು ಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿನಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಆಗಬಹುದು. 2019ರ ತಿದ್ದುಪಡಿಯ ನಂತರ ಅನಧಿಕೃತ ಮಾರ್ಪಾಡು ಮಾಡಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಪ್ರತ್ಯೇಕ. ದಂಡ ತಪ್ಪಿಸಿಕೊಂಡರೂ ಎಫ್‌ಸಿ (ವಾಹನದ ಯೋಗ್ಯತಾ ಪ್ರಮಾಣಪತ್ರ) ತಪ್ಪುವುದಿಲ್ಲ: ಸರಕು ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಗಾಡಿಯನ್ನು ಪರೀಕ್ಷೆಗೆ ಒಯ್ಯಲೇಬೇಕು. ಎಫ್‌ಸಿ ದಿನಕ್ಕೆಂದು ಹಳೆಯ ಡಬ್ಬ ಕಟ್ಟಿ, ಮರುದಿನ ಬಿಚ್ಚುವ ಪದ್ಧತಿ ಕೆಲವೆಡೆ ಇದೆ; ಎರಡು ಸಲದ ಕೂಲಿಯನ್ನು ಲೆಕ್ಕ ಹಾಕಿದರೆ ಅದು ಜಾಣತನವೂ ಅಲ್ಲ.

ಹಾಕಿಸುವಾಗ ಕೆಲಸಗಾರರಿಗೆ ಏನೇನು ಹೇಳಬೇಕು?

ಬೆಸುಗೆ ಆರಂಭಿಸುವ ಮುನ್ನ ಬ್ಯಾಟರಿ ತಂತಿ ಬಿಚ್ಚಿಸಿ, ಇಸಿಯು ಇದ್ದರೆ ಅದರ ಕನೆಕ್ಟರನ್ನೂ ತೆಗೆಸಿ; ಅರ್ಥ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಿಡಿಸಬೇಕು, ದೂರದ ಚಾಸಿಸ್‌ಗೆ ಕಚ್ಚಿಸಬಾರದು. ಡೀಸೆಲ್ ಪೈಪು, ಬ್ರೇಕಿನ ನೈಲಾನ್ ಪೈಪು, ವೈರಿಂಗ್, ಸ್ಟೆಪ್ನಿ ಟೈರು ಇವುಗಳಿಂದ ಡಬ್ಬ ದೂರವಿರಬೇಕು. ದೂರ ಮಾಡಲಾಗದ ಕಡೆ ನಡುವೆ ತಗಡಿನ ಅಡ್ಡಗವಚ ಹಾಕಿಸಿ. ಗ್ಯಾಸ್ಕೆಟ್ ಮತ್ತು ಕ್ಲ್ಯಾಂಪುಗಳನ್ನು ಹೊಸದಾಗಿಯೇ ಕೊಳ್ಳಿ. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಕೂರಿಸಿ, ಇಡೀ ಕೊಳವೆ ತನ್ನ ಸಹಜ ಜಾಗಕ್ಕೆ ಬಂದ ಮೇಲೆ ಇಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿಸುತ್ತಾ ಬರಬೇಕು. ಎಳೆದು ಕೂರಿಸಿದ ಪೈಪು ಬೆಲ್ಲೋಸನ್ನು ಬೇಗ ಹರಿಯುತ್ತದೆ. ಕೊನೆಯ ಕೊಳವೆಯನ್ನು ಕ್ಯಾಬಿನ್ನಿನ ಹಿಂಭಾಗದಲ್ಲೇ ಮೊಟಕುಗೊಳಿಸಲು ಬಿಡಬೇಡಿ. ಹೊಗೆಯೂ ಸದ್ದೂ ತಿರುಗಿ ಕಿಟಕಿಯಿಂದ ಒಳಬರುವುದು ಹಾಗೆ ಮಾಡಿದ ಗಾಡಿಗಳಲ್ಲೇ.

ಕೆಲಸ ಮುಗಿದ ಮೇಲೆ, ಇಂಜಿನ್ ಇನ್ನೂ ತಣ್ಣಗಿರುವಾಗಲೇ ಐಡ್ಲಿಂಗ್‌ನಲ್ಲಿ ಬಿಟ್ಟು, ದಪ್ಪ ಕೈಗವಸು ಹಾಕಿಕೊಂಡು ಒದ್ದೆ ಗೋಣಿಯ ಮಡಿಕೆಯನ್ನು ಕೊಳವೆಯ ತುದಿಗೆ ಕೆಲವು ಸೆಕೆಂಡು ಒತ್ತಿ ಹಿಡಿಸಿ. ಜಾಯಿಂಟು ಸೋರುತ್ತಿದ್ದರೆ ಅಲ್ಲಿಂದ ‘ಸುಂಯ್’ ಎಂಬ ಸದ್ದು ಕೇಳಿಸುತ್ತದೆ. ಒಂದೆರಡು ಲೋಡು ಹೊಡೆದ ಮೇಲೆ ಗಾಡಿಯನ್ನು ಮತ್ತೆ ಗ್ಯಾರೇಜಿಗೆ ತಂದು ಎಲ್ಲ ಕ್ಲ್ಯಾಂಪುಗಳನ್ನೂ ಇನ್ನೊಮ್ಮೆ ಬಿಗಿಸಿಕೊಳ್ಳಬೇಕು, ಕಾದು ತಣಿದ ಲೋಹದಲ್ಲಿ ಮೊದಲ ಬಿಗಿ ಉಳಿಯುವುದಿಲ್ಲ.